ಗಾಲಿಯ ಮನೆಯಲ್ಲಿ ಹಿಮದ ಚಳಿಗಾಲ



ನಿಮ್ಮ ಮನೆಯ ಫ್ರಿಜ್‌ನ ಫ್ರೀಝರ್ ಬಾಗಿಲು ತೆರೆದು ಒಮ್ಮೆ ಕೈ ಒಳಗಿಟ್ಟು ನೋಡಿ. ಅಲ್ಲಿರುವುದು ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿನ ಚಳಿ. ಸ್ವಲ್ಪ ಹೊತ್ತಿನಲ್ಲೇ ಬೆರಳುಗಳು ಜೋಮು ಹಿಡಿಯುತ್ತವೆ. ಅದಕ್ಕಿಂತಲೂ ಕಠಿಣವಾದ ಚಳಿಯಲ್ಲಿ, ಎರಡು ಇಂಚು ದಪ್ಪದ ಗೋಡೆಯ, ಗಾಲಿಗಳ ಮೇಲೆ ನಿಂತ ಒಂದು ಪುಟ್ಟ ಮನೆಯಲ್ಲಿ ನಾಲ್ಕೈದು ತಿಂಗಳು ಬದುಕಬೇಕು ಎಂದರೆ ಹೇಗಿರುತ್ತದೆ? ಅಡುಗೆ ಅಲ್ಲೇ, ಸ್ನಾನ ಅಲ್ಲೇ, ಮಕ್ಕಳ ಓದು ಅಲ್ಲೇ, ನಿದ್ದೆಯೂ ಅಲ್ಲೇ.

ನನ್ನ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಹೀಗೆ ಕೇಳಿದಳು: "ಟೀಚರ್, ಅಮ್ಮನ ಮೊಬೈಲಲ್ಲಿ ಒಂದು ವಿಡಿಯೋ ನೋಡಿದೆ. ಬಸ್ಸಿನಂತಹ ಮನೆ, ಅದರ ಸುತ್ತ ಮಂಚದೆತ್ತರಕ್ಕೆ ಹಿಮ. ಒಳಗೆ ಜನ ಚಹಾ ಕುಡಿಯುತ್ತಿದ್ದರು. ಅವರು ಸಾಯುವುದಿಲ್ಲವೇ?" ಮಕ್ಕಳ ಪ್ರಶ್ನೆಗೆ ತಕ್ಷಣ ಉತ್ತರ ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಕಿ ಓದುತ್ತಾ ಹೋದಂತೆ, ಆ ದೂರದ ಮನೆಯ ಕಥೆ ನಮ್ಮ ಬಚ್ಚಲುಮನೆಗೂ ಬಾಣಂತಿ ಕೋಣೆಗೂ ಬಂದು ಮುಟ್ಟಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಯಾರು ಇರುತ್ತಾರೆ ಇಂತಹ ಮನೆಗಳಲ್ಲಿ?

ಅಮೆರಿಕ ಮತ್ತು ಕೆನಡಾಗಳಲ್ಲಿ ಇಂತಹ ವಾಹನಗಳನ್ನು 'ಆರ್‌ವಿ' ಎನ್ನುತ್ತಾರೆ. ಎಂಜಿನ್ ಇರುವಂಥದ್ದು ಮೋಟಾರ್‌ಹೋಮ್. ಇನ್ನೊಂದು ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವಂಥದ್ದು ಟ್ರೈಲರ್. ಒಳಗೆ ಹಾಸಿಗೆ, ಒಲೆ, ಫ್ರಿಜ್, ಸಿಂಕ್, ಶೌಚಾಲಯ ಎಲ್ಲವೂ ಇರುತ್ತದೆ. ಇವು ಮೂಲತಃ ಬೇಸಿಗೆಯ ಪ್ರವಾಸಕ್ಕಾಗಿ ಮಾಡಿದವು. ಚಳಿಗಾಲ ಬಂದರೆ ಅನುಕೂಲಸ್ಥ ನಿವೃತ್ತರು ಹಕ್ಕಿಗಳಂತೆ ದಕ್ಷಿಣಕ್ಕೆ ಹೊರಟುಬಿಡುತ್ತಾರೆ. ಅರಿಝೋನಾ ರಾಜ್ಯದ ಕ್ವಾರ್ಟ್‌ಸೈಟ್ ಎಂಬ ಮರುಭೂಮಿಯ ಸಣ್ಣ ಊರು ಪ್ರತಿ ಚಳಿಗಾಲದಲ್ಲಿ ಇಂತಹ ವಾಹನಗಳಿಂದ ತುಂಬಿಹೋಗುತ್ತದೆ.

ಆದರೆ ಎಲ್ಲರಿಗೂ ಹಾಗೆ ಹೊರಟುಹೋಗುವ ಭಾಗ್ಯವಿಲ್ಲ. ಕೆಲಸ ಉತ್ತರದಲ್ಲಿದ್ದರೆ, ಮಕ್ಕಳ ಶಾಲೆ ಅಲ್ಲೇ ಇದ್ದರೆ, ಬಾಡಿಗೆ ಮನೆಗೆ ಕೊಡುವಷ್ಟು ಹಣವಿಲ್ಲದಿದ್ದರೆ? ಅಂಥವರಿಗೆ ಈ ವಾಹನ ಮೋಜಿನ ವಸ್ತುವಲ್ಲ, ತಲೆಯ ಮೇಲಿರುವ ಏಕೈಕ ಸೂರು. ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ 2017ರಲ್ಲಿ ಬರೆದ 'ನೊಮ್ಯಾಡ್‌ಲ್ಯಾಂಡ್' ಪುಸ್ತಕ ಹೀಗೆ ಗಾಲಿಗಳ ಮೇಲೆ ಬದುಕುವ ವಯಸ್ಸಾದ ದುಡಿಮೆಗಾರರ ಕುರಿತಾದದ್ದು. ಅದನ್ನಾಧರಿಸಿದ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ಪ್ರಶಸ್ತಿಯೂ ಬಂತು.

ಉತ್ತರ ಡಕೋಟಾ ರಾಜ್ಯದ ವಿಲಿಸ್ಟನ್ ಪಟ್ಟಣವನ್ನೇ ನೋಡಿ. 2008ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡರು. ಅದೇ ಹೊತ್ತಿಗೆ ಈ ಪಟ್ಟಣದ ಸುತ್ತ ಬಾಕೆನ್ ಎಂಬ ಶಿಲಾಪದರದಿಂದ ತೈಲ ತೆಗೆಯುವ ಕೆಲಸ ಭರಾಟೆಯಿಂದ ಶುರುವಾಯಿತು. ದೇಶದ ಮೂಲೆಮೂಲೆಯಿಂದ ಜನ ಬಂದರು. ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಸಿಕ್ಕಿದ ಮನೆಗಳ ಬಾಡಿಗೆ ಮಹಾನಗರಗಳ ಬಾಡಿಗೆಯನ್ನೂ ಮೀರಿಸಿತು. ಜನ ಟ್ರೈಲರ್‌ಗಳಲ್ಲಿ, ಕಾರುಗಳಲ್ಲಿ ಮಲಗಿದರು. ಅಲ್ಲಿನ ಒಂದು ಚರ್ಚ್ ತನ್ನ ಕಟ್ಟಡವನ್ನೂ ವಾಹನ ನಿಲ್ಲಿಸುವ ಅಂಗಳವನ್ನೂ ಇಂಥವರಿಗೆ ತೆರೆದುಕೊಟ್ಟ ಕಥೆ 'ದಿ ಓವರ್‌ನೈಟರ್ಸ್' ಎಂಬ 2014ರ ಸಾಕ್ಷ್ಯಚಿತ್ರದಲ್ಲಿದೆ. ಆ ಪ್ರದೇಶದಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 15ರಿಂದ 20 ಡಿಗ್ರಿ ಕೆಳಗಿಳಿಯುವುದು ಮಾಮೂಲು. ಶೀತಗಾಳಿ ಬಂದಾಗ 30 ಡಿಗ್ರಿಯೂ ಕೆಳಗಿಳಿಯುತ್ತದೆ.

ನಮ್ಮ ಓದುಗರಿಗೆ ಕುತೂಹಲವೆನಿಸುವ ಇನ್ನೊಂದು ಸಂಗತಿಯಿದೆ. ವಿಲಿಸ್ಟನ್‌ನಿಂದ ಸುಮಾರು ನೂರು ಕಿಲೋಮೀಟರ್ ಪೂರ್ವಕ್ಕೆ ರಾಸ್ ಎಂಬ ಹಳ್ಳಿಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಿರಿಯಾ-ಲೆಬನಾನ್ ಕಡೆಯ ಮುಸ್ಲಿಮ್ ಕುಟುಂಬಗಳು ಅಲ್ಲಿ ಜಮೀನು ಪಡೆದು ಬೇಸಾಯಕ್ಕಿಳಿದವು. 1929ರಲ್ಲಿ ಅವರು ಅಲ್ಲಿ ಕಟ್ಟಿದ ಮಸೀದಿ, ಅಮೆರಿಕದಲ್ಲಿ ಮಸೀದಿಯೆಂದೇ ಕಟ್ಟಿದ ಮೊದಲ ಕಟ್ಟಡಗಳಲ್ಲಿ ಒಂದು. ಹಳೆಯ ಕಟ್ಟಡ 1970ರ ದಶಕದ ಕೊನೆಗೆ ಹೋಯಿತು. 2005ರಲ್ಲಿ ಅದೇ ಜಾಗದಲ್ಲಿ ಒಂದು ಪುಟ್ಟ ಸ್ಮಾರಕ ಮಸೀದಿ ಎದ್ದಿತು. ಆ ಬಯಲಿಗೆ ಬಂದ ಮೊದಲ ವಲಸಿಗರು ಚಳಿಗಾಲಕ್ಕೆ ಮುನ್ನ ಮಾಡುತ್ತಿದ್ದ ಒಂದು ಕೆಲಸವಿತ್ತು. ಮನೆಯ ಬುಡದ ಸುತ್ತಲೂ ಮಣ್ಣು, ಒಣಹುಲ್ಲು, ಕೊಟ್ಟಿಗೆಯ ಗೊಬ್ಬರವನ್ನು ಪೇರಿಸುವುದು. ನೆಲದಡಿಯಿಂದ ಗಾಳಿ ನುಸುಳಬಾರದೆಂದು. ಇಂದು ಗಾಲಿಯ ಮನೆಯವರು ಮಾಡುವ ಮೊದಲ ಕೆಲಸವೂ ಅದೇ.

ಮನೆಗೆ ಲಂಗ ತೊಡಿಸುವುದು

ಗಾಲಿಯ ಮನೆಯ ಅಡಿಭಾಗ ನೆಲಕ್ಕೆ ತಾಗಿರುವುದಿಲ್ಲ. ಅಲ್ಲಿ ಗಾಳಿ ಹಾಯಾಗಿ ಓಡಾಡುತ್ತದೆ. ನೀರಿನ ಪೈಪು, ಟ್ಯಾಂಕುಗಳಿರುವುದೂ ಅಲ್ಲಿಯೇ. ಆದುದರಿಂದ ವಾಹನದ ಅಂಚಿನಿಂದ ನೆಲದವರೆಗೆ ಸುತ್ತಲೂ ಮರೆ ಕಟ್ಟುತ್ತಾರೆ. ಇದಕ್ಕೆ ಅವರು ಇಟ್ಟ ಹೆಸರು 'ಸ್ಕರ್ಟಿಂಗ್', ಅಂದರೆ ಮನೆಗೆ ಲಂಗ ತೊಡಿಸುವುದು! ದಪ್ಪನೆಯ ವಿನೈಲ್ ಬಟ್ಟೆ ಬಳಸುವವರಿದ್ದಾರೆ. ಒಂದೆರಡು ಇಂಚು ದಪ್ಪದ ಫೋಮ್ ಹಲಗೆಗಳನ್ನು ಕತ್ತರಿಸಿ ಜೋಡಿಸುವವರಿದ್ದಾರೆ. ಮೀನು ಮಾರುವವರ ಥರ್ಮಕೋಲ್ ಪೆಟ್ಟಿಗೆಯಲ್ಲಿ ಐಸು ಗಂಟೆಗಟ್ಟಲೆ ಕರಗದೆ ಉಳಿಯುತ್ತದಲ್ಲವೇ? ಅದೇ ಗುಣ ಇಲ್ಲಿ ಬಿಸಿಯನ್ನು ಕಾಯುತ್ತದೆ. ಹುಲ್ಲಿನ ಕಟ್ಟು ಜೋಡಿಸಿದರೆ ಅಗ್ಗವೇನೋ ಹೌದು. ಆದರೆ ಇಲಿಗಳು ಸೇರಿಕೊಳ್ಳುತ್ತವೆ, ಬೆಂಕಿಯ ಭಯವೂ ಇದೆ.

ನಂತರ ಕಿಟಕಿ. ಈ ವಾಹನಗಳಲ್ಲಿ ಹೆಚ್ಚಾಗಿ ಒಂದೇ ಪದರದ ಗಾಜು. ಅದಕ್ಕೆ ಒಳಬದಿಯಿಂದ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಿದರೆ ಹಾಳೆ ಬಿಗಿಯಾಗುತ್ತದೆ. ಗಾಜಿಗೂ ಹಾಳೆಗೂ ನಡುವೆ ಸಿಕ್ಕಿಬಿದ್ದ ಗಾಳಿಯೇ ಕಂಬಳಿಯಾಗುತ್ತದೆ. ಬಾಗಿಲ ಸಂದುಗಳಿಗೆ ರಬ್ಬರ್ ಪಟ್ಟಿ, ನೆಲಕ್ಕೆ ರತ್ನಗಂಬಳಿ, ಚಾಲಕನ ಆಸನದ ಹಿಂದೆ ದಪ್ಪ ಪರದೆ. ಹೀಗೆ ಬಿಸಿ ಸೋರುವ ಒಂದೊಂದೇ ದಾರಿಯನ್ನು ಹುಡುಕಿ ಮುಚ್ಚುತ್ತಾರೆ.

ಇಷ್ಟಾದರೂ ಬೆಂಕಿಯಿಲ್ಲದೆ ಬದುಕಿಲ್ಲ. ಈ ಮನೆಗಳಲ್ಲಿ ಫರ್ನೇಸ್ ಎಂಬ ಬಿಸಿಗಾಳಿ ಯಂತ್ರ ಗ್ಯಾಸಿನಿಂದ ಉರಿಯುತ್ತದೆ. ಮಧ್ಯಮ ಗಾತ್ರದ ಫರ್ನೇಸ್ ಪೂರ್ಣವಾಗಿ ಉರಿದರೆ ಗಂಟೆಗೆ ಸುಮಾರು 600 ಗ್ರಾಂ ಗ್ಯಾಸ್ ಬೇಕು. ನಮ್ಮ ಅಡುಗೆಮನೆಯ 14.2 ಕಿಲೋ ಸಿಲಿಂಡರನ್ನು ಅದಕ್ಕೆ ಜೋಡಿಸಿದಿರಿ ಎನ್ನಿ. ದಿನದ ಅರ್ಧದಷ್ಟು ಹೊತ್ತು ಉರಿದರೂ ಎರಡು ದಿನದಲ್ಲಿ ಖಾಲಿ! ನಾವು ಒಂದು ಸಿಲಿಂಡರನ್ನು ತಿಂಗಳುಗಟ್ಟಲೆ ಜೋಪಾನವಾಗಿ ಉರಿಸುವವರು. ಅಲ್ಲಿನ ಬಡ ಕುಟುಂಬದ ತಾಯಿ ಸಿಲಿಂಡರನ್ನು ಎತ್ತಿ ಎತ್ತಿ ತೂಕ ನೋಡುತ್ತಾ ಮಲಗುವುದರಲ್ಲಿ ಆಶ್ಚರ್ಯವಿಲ್ಲ.

ಅಂದಹಾಗೆ ನಮ್ಮ ಸಿಲಿಂಡರ್ ಅಲ್ಲಿ ಸರಿಯಾಗಿ ಕೆಲಸವನ್ನೂ ಮಾಡದು. ನಮ್ಮ ಅಡುಗೆ ಅನಿಲ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ದ್ರವವಾಗಿ ಕುಳಿತುಬಿಡುತ್ತದೆ. ಪ್ರೊಪೇನ್ ಮಾತ್ರ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಅನಿಲವಾಗಿ ಏಳಬಲ್ಲದು. ಆದುದರಿಂದ ಹಿಮದ ನಾಡುಗಳಲ್ಲಿ ಪ್ರೊಪೇನನ್ನೇ ಬಳಸುತ್ತಾರೆ. ಅದರ ಒತ್ತಡವೂ ಚಳಿ ಹೆಚ್ಚಿದಂತೆ ಕುಗ್ಗುತ್ತದೆ.

ಗ್ಯಾಸ್ ಉಳಿಸಲು ವಿದ್ಯುತ್ ಹೀಟರ್ ಇಡುವವರೂ ಇದ್ದಾರೆ. ಆದರೆ 30 ಆಂಪಿಯರ್ ಸಂಪರ್ಕದಲ್ಲಿ ಸಿಗುವುದು ಒಟ್ಟು 3,600 ವಾಟ್. ಒಂದು ಹೀಟರ್ 1,500 ವಾಟ್ ತಿನ್ನುತ್ತದೆ. ಎರಡು ಹೀಟರ್ ಹಾಕಿ, ಮೇಲೆ ಕೆಟಲ್ ಇಟ್ಟರೆ ಫ್ಯೂಸ್ ಹೋಗುತ್ತದೆ. ತೆಳುವಾದ ಎಕ್ಸ್‌ಟೆನ್ಶನ್ ವೈರಿಗೆ ಸಿಕ್ಕಿಸಿದರೆ ವೈರೇ ಕಾದು ಬೆಂಕಿ ಹತ್ತುತ್ತದೆ.

ನೀರನ್ನು ನೀರಾಗಿಯೇ ಉಳಿಸಿಕೊಳ್ಳುವುದು

"ಚಳಿಗೆ ವಸ್ತುಗಳು ಕುಗ್ಗುತ್ತವೆ ಎಂದು ನೀವೇ ಹೇಳಿದ್ದಲ್ಲವೇ ಟೀಚರ್? ಮತ್ತೆ ಪೈಪ್ ಯಾಕೆ ಒಡೆಯುತ್ತದೆ?" ಇದು ಅದೇ ಹುಡುಗಿಯ ಎರಡನೆಯ ಪ್ರಶ್ನೆ. ನೀರಿನ ವಿಶೇಷವೇ ಅದು. ಮಂಜುಗಡ್ಡೆಯಾಗುವಾಗ ಅದು ಕುಗ್ಗುವುದಿಲ್ಲ, ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಗಾಜಿನ ಬಾಟಲಿ ತುಂಬ ನೀರು ತುಂಬಿ ಫ್ರೀಝರ್‌ನಲ್ಲಿಟ್ಟು ಮರೆತವರಿಗೆ ಇದು ಗೊತ್ತು. ಪೈಪಿನಲ್ಲಿಯೂ ಹಾಗೆಯೇ. ಒಡೆದದ್ದು ರಾತ್ರಿ ಗೊತ್ತಾಗುವುದಿಲ್ಲ. ಬೆಳಿಗ್ಗೆ ಬಿಸಿಲೇರಿ ಹಿಮ ಕರಗಿದಾಗ ಮನೆಯೊಳಗೆ ನೀರು ಹರಿಯುತ್ತದೆ.

ಅಲ್ಲಿನವರು ಇದಕ್ಕೆ ಕಂಡುಕೊಂಡ ಉಪಾಯಗಳು ಸರಳ. ಹೊರಗಿನ ನಲ್ಲಿಯಿಂದ ಬರುವ ಹೋಸ್ ಪೈಪಿಗೆ ವಿದ್ಯುತ್ತಿನಿಂದ ಬೆಚ್ಚಗಾಗುವ ಪಟ್ಟಿ ಸುತ್ತಿ, ಮೇಲೆ ಫೋಮಿನ ಹೊದಿಕೆ ಹಾಕುತ್ತಾರೆ. ಅದಿಲ್ಲದವರು ಹಗಲಿನಲ್ಲಿ ಒಳಗಿನ ಟ್ಯಾಂಕಿಗೆ ನೀರು ತುಂಬಿಸಿ, ಹೋಸನ್ನು ಬಿಚ್ಚಿ, ಬಸಿದು, ಸುರುಳಿ ಸುತ್ತಿ ಒಳಗಿಡುತ್ತಾರೆ. ಟ್ಯಾಂಕಿನ ಅಡಿಗೆ ಬೆಚ್ಚಗಿನ ಪ್ಯಾಡ್ ಅಂಟಿಸುತ್ತಾರೆ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲನ್ನು ರಾತ್ರಿ ತೆರೆದಿಡುತ್ತಾರೆ. ಕೋಣೆಯ ಬಿಸಿ ಪೈಪಿಗೂ ತಾಗಲಿ ಎಂದು. ಖರ್ಚಿಲ್ಲದ ಈ ಉಪಾಯ ಎಷ್ಟೋ ಪೈಪುಗಳನ್ನು ಉಳಿಸುತ್ತದೆ.

ಕೊಳೆನೀರಿನದು ಇನ್ನೊಂದು ಕಥೆ. ಪಾತ್ರೆ ತೊಳೆದ ನೀರಿಗೊಂದು ಟ್ಯಾಂಕ್, ಶೌಚದ್ದಕ್ಕೆ ಇನ್ನೊಂದು. ಹೊರಹೋಗುವ ಕವಾಟವನ್ನು ತೆರೆದೇ ಬಿಟ್ಟರೆ ಹನಿಹನಿಯಾಗಿ ಹರಿಯುವ ನೀರು ಪೈಪಿನಲ್ಲೇ ಗಡ್ಡೆಕಟ್ಟಿ, ಕೊನೆಗೆ ಇಡೀ ಪೈಪು ಕಲ್ಲಾಗುತ್ತದೆ. ಆದುದರಿಂದ ಕವಾಟ ಮುಚ್ಚಿಟ್ಟು, ಟ್ಯಾಂಕ್ ತುಂಬುತ್ತಾ ಬಂದಾಗ ಒಮ್ಮೆಲೇ ರಭಸವಾಗಿ ಬಿಡುತ್ತಾರೆ. ಹೆಪ್ಪುಗಟ್ಟದಂತೆ ಹಾಕುವ ಆ್ಯಂಟಿಫ್ರೀಝ್ ದ್ರವದಲ್ಲಿಯೂ ಎರಡು ಬಗೆ. ಈ ಮನೆಗಳ ಪೈಪಿಗೆಂದು ಮಾಡಿದ ನಸುಗೆಂಪು ಬಣ್ಣದ್ದು ಬೇರೆ, ಕಾರಿನ ರೇಡಿಯೇಟರಿಗೆ ಹಾಕುವುದು ಬೇರೆ. ಎರಡನೆಯದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಎಂಬ ವಿಷದಿಂದ ಮಾಡಿದ್ದು. ರುಚಿ ಸಿಹಿ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಅಪಾಯದ ವಸ್ತು ಇನ್ನೇನಿದೆ? ಕಾರು ಇರುವ ನಮ್ಮ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಬೆವರುವ ಗೋಡೆಗಳು

ಎಲ್ಲ ಸಂದುಗಳನ್ನೂ ಮುಚ್ಚಿ ಬೆಚ್ಚಗೆ ಕುಳಿತ ಮೇಲೆ ಹೊಸ ತೊಂದರೆ ಶುರುವಾಗುತ್ತದೆ. ಒಂದು ವಾರದಲ್ಲಿ ಕಿಟಕಿಯಿಂದ ನೀರಿಳಿಯುತ್ತದೆ. ಕಪಾಟಿನ ಮೂಲೆಯಲ್ಲಿ ಬೂಸ್ಟು ಕಾಣುತ್ತದೆ. ಹಾಸಿಗೆ ಎತ್ತಿ ನೋಡಿದರೆ ಅಡಿಯೆಲ್ಲ ಒದ್ದೆ. ನೀರು ಎಲ್ಲಿಂದ ಬಂತು?

ನಮ್ಮೊಳಗಿನಿಂದಲೇ ಬಂತು. ನಾವು ಬಿಡುವ ಪ್ರತಿ ಉಸಿರಿನಲ್ಲಿ ನೀರಿನ ಆವಿಯಿದೆ. ಕುದಿಯುವ ಗಂಜಿಯಿಂದ, ಸ್ನಾನದ ಬಿಸಿನೀರಿನಿಂದ, ಒಳಗೆ ಹಾಕಿದ ಒದ್ದೆ ಬಟ್ಟೆಯಿಂದ ಆವಿ ಏಳುತ್ತದೆ. ಅದಕ್ಕಿಂತಲೂ ಅಚ್ಚರಿಯೆಂದರೆ ಗ್ಯಾಸ್ ಒಲೆಯ ಬೆಂಕಿಯೇ ನೀರನ್ನು ಉಂಟುಮಾಡುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದಾಗ ಸುಮಾರು ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಈ ಆವಿ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತದೆ. ಮಳೆಗಾಲದಲ್ಲಿ ಒಳಗೆ ಬಟ್ಟೆ ಒಣಗಿಸುವ ಕರಾವಳಿ, ಮಲೆನಾಡಿನ ಸಹೋದರಿಯರಿಗೆ ಆ ಬೂಸ್ಟಿನ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ. ಉಬ್ಬಸದ ಮಕ್ಕಳಿಗೆ ಅದು ಶತ್ರು.

ಪರಿಹಾರವೇನು? ಪಾತ್ರೆಗೆ ಮುಚ್ಚಳ ಹಾಕುವುದು, ಹಾಸಿಗೆಯ ಅಡಿಗೆ ಗಾಳಿಯಾಡುವಂತೆ ಹಲಗೆಪಟ್ಟಿ ಇಡುವುದು, ಬೆಳಿಗ್ಗೆ ಕಿಟಕಿಯ ನೀರನ್ನು ಬಟ್ಟೆಯಿಂದ ಒರೆಸುವುದು. ಎಲ್ಲಕ್ಕಿಂತ ಮುಖ್ಯವಾಗಿ, ಛಾವಣಿಯ ಗಾಳಿಕಿಂಡಿಯನ್ನು ಒಂದು ಬೆರಳಿನಷ್ಟಾದರೂ ತೆರೆದಿಡುವುದು. ಇಷ್ಟು ಕಷ್ಟಪಟ್ಟು ಸಂದು ಮುಚ್ಚಿ, ದುಬಾರಿ ಗ್ಯಾಸ್ ಉರಿಸಿ, ಮತ್ತೆ ಕಿಂಡಿ ತೆರೆಯುವುದೇ? ಹೌದು. ಹೊಸಬರಿಗೆ ಅತ್ಯಂತ ಕಷ್ಟವೆನಿಸುವ ಪಾಠ ಇದು. ಮನೆ ಬೆಚ್ಚಗಿದ್ದರೆ ಸಾಲದು, ಅದು ಉಸಿರಾಡಬೇಕು.

ಕಾಣದ, ವಾಸನೆಯಿಲ್ಲದ ಶತ್ರು

ಬೂಸ್ಟು ನಿಧಾನವಾಗಿ ಕಾಡುತ್ತದೆ. ಇನ್ನೊಂದು ಶತ್ರುವಿದೆ, ಅದು ಒಂದೇ ರಾತ್ರಿಯಲ್ಲಿ ಕುಟುಂಬವನ್ನೇ ಕೊಂಡೊಯ್ಯುತ್ತದೆ. ಅದರ ಹೆಸರು ಕಾರ್ಬನ್ ಮೋನಾಕ್ಸೈಡ್.

ಗ್ಯಾಸ್, ಇದ್ದಿಲು, ಸೌದೆ, ಪೆಟ್ರೋಲ್, ಯಾವುದೇ ಇರಲಿ, ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಈ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಆದುದರಿಂದ ಉಸಿರಾಟ ನಡೆಯುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು. ಜ್ವರ ಬರಬಹುದೆಂದು ಭಾವಿಸಿ ಜನ ಹೊದ್ದು ಮಲಗುತ್ತಾರೆ. ಹಾಗೆ ಮಲಗಿದವರು ಏಳುವುದಿಲ್ಲ. ಬೆಂಕಿ ಅವಘಡಗಳಲ್ಲಿ ಸತ್ತವರನ್ನು ಬಿಟ್ಟೂ ಅಮೆರಿಕದಲ್ಲಿ ವರ್ಷಕ್ಕೆ 400ಕ್ಕಿಂತ ಹೆಚ್ಚು ಮಂದಿ ಈ ಅನಿಲದಿಂದ ಆಕಸ್ಮಿಕವಾಗಿ ಸಾಯುತ್ತಾರೆ ಎನ್ನುತ್ತದೆ ಅಲ್ಲಿನ ಆರೋಗ್ಯ ಸಂಸ್ಥೆ ಸಿ.ಡಿ.ಸಿ.

ಗಾಲಿಯ ಮನೆಯ ಫರ್ನೇಸನ್ನು ಈ ಕಾರಣಕ್ಕಾಗಿಯೇ ವಿಶೇಷವಾಗಿ ಮಾಡಿರುತ್ತಾರೆ. ಅದು ಹೊರಗಿನ ಗಾಳಿಯನ್ನೇ ಎಳೆದುಕೊಂಡು ಉರಿದು, ಹೊಗೆಯನ್ನು ಹೊರಗೇ ಬಿಡುತ್ತದೆ. ಒಳಬರುವುದು ಬಿಸಿ ಮಾತ್ರ. ಆದರೆ ಆ ಹೊಗೆಕಿಂಡಿಗೆ ಹಿಮ ಮುಚ್ಚಿಕೊಂಡರೆ? ಸ್ಕರ್ಟಿಂಗ್ ಹಲಗೆ ಅಡ್ಡ ಬಂದರೆ? ಗ್ಯಾಸ್ ಮುಗಿಯುತ್ತಾ ಬಂತೆಂದು ಅಡುಗೆ ಒಲೆಯನ್ನೇ ಹಚ್ಚಿಟ್ಟು ಮಲಗಿದರೆ? ಜನರೇಟರನ್ನು ಕಿಟಕಿಯ ಪಕ್ಕ ಇಟ್ಟರೆ? ಸಾವು ಬರುವ ದಾರಿಗಳು ಇವೇ. ಆದುದರಿಂದ ಹಿಮ ಬಿದ್ದ ಪ್ರತಿ ಬೆಳಿಗ್ಗೆ ಮೊದಲು ಹೊಗೆಕಿಂಡಿಯನ್ನು ಬಿಡಿಸುತ್ತಾರೆ. ಅಡುಗೆ ಒಲೆಯಿಂದ ಮನೆಯನ್ನು ಬಿಸಿ ಮಾಡಬಾರದೆಂಬುದು ಕಟ್ಟುನಿಟ್ಟಿನ ನಿಯಮ. ಮಲಗುವ ಜಾಗದ ಬಳಿ ಈ ಅನಿಲವನ್ನು ಪತ್ತೆಮಾಡಿ ಕಿರುಚುವ ಪುಟ್ಟ ಯಂತ್ರವಿರುತ್ತದೆ. ಅದರ ಗುಂಡಿ ಒತ್ತಿ ಆಗಾಗ ಪರೀಕ್ಷಿಸಬೇಕು. ಕೆಲವು ವರ್ಷಗಳಿಗೊಮ್ಮೆ ಯಂತ್ರವನ್ನೇ ಬದಲಾಯಿಸಬೇಕು. ಸೋರುವ ಗ್ಯಾಸನ್ನು ಪತ್ತೆಮಾಡುವ ಯಂತ್ರವಾದರೋ ನೆಲದ ಹತ್ತಿರ ಇರುತ್ತದೆ. ಯಾಕೆಂದರೆ ಅಡುಗೆ ಅನಿಲ ಗಾಳಿಗಿಂತ ಭಾರ, ಅದು ಕೆಳಗೆ ಹರಡುತ್ತದೆ.

ನಮ್ಮ ಮನೆಯ ಮುಚ್ಚಿದ ಬಾಗಿಲು

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮದೇ ಮನೆ. ವರ್ಷಗಳ ಹಿಂದೆ ತಂಗಿಯ ಬಾಣಂತನ. ಜೋರು ಮಳೆಗಾಲ. ಮಗುವಿಗೆ ಚಳಿಯಾದೀತೆಂದು ಉಮ್ಮ ಕೋಣೆಯ ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಬಾಗಿಲ ಸಂದಿಗೆ ಹಳೆಯ ಬಟ್ಟೆ ತುರುಕಿ, ಬಾಣಲೆಯಲ್ಲಿ ಇದ್ದಿಲ ಕೆಂಡ ತುಂಬಿ ಇಟ್ಟಿದ್ದರು. ಹೊಗೆ ಚೂರೂ ಇರಲಿಲ್ಲ. ರಾತ್ರಿ ನಾನು ತಂಗಿಯ ಜೊತೆ ಮಲಗಿದ್ದೆ. ತಲೆ ಸಿಡಿಯುವಂತಾಗಿ ಎಚ್ಚರವಾಯಿತು. ತಂಗಿಯನ್ನು ಕರೆದರೆ "ನನಗೂ ತಲೆನೋವು, ವಾಂತಿ ಬರುವ ಹಾಗಿದೆ" ಎಂದಳು. ಎದ್ದರೆ ಕಾಲು ನಿಲ್ಲಲಿಲ್ಲ. ಹೇಗೋ ಬಾಗಿಲು ತೆರೆದು ಉಮ್ಮನನ್ನು ಕೂಗಿದೆ. ಮಗುವನ್ನು ಜಗಲಿಗೆ ತಂದರು. ತಣ್ಣನೆಯ ಗಾಳಿ ತಾಗಿದ ಮೇಲೆ ಸ್ವಲ್ಪ ಸ್ವಲ್ಪವೇ ಸರಿಹೋಯಿತು. "ದೃಷ್ಟಿಯಾಗಿರಬೇಕು" ಎಂದರು ನೆರೆಯವರು. ನಾವೂ ಹಾಗೆಯೇ ಅಂದುಕೊಂಡೆವು. ದೃಷ್ಟಿಯಲ್ಲ, ಆ ಕೆಂಡವೇ ಕಾರಣ ಎಂದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಬಳಿಕ. ಹೊಗೆಯಿಲ್ಲದ ಕೆಂಡ ನಿರಪಾಯಕಾರಿ ಎಂಬ ನಮ್ಮ ನಂಬಿಕೆಯೇ ತಪ್ಪು.

ಉಮ್ಮ ಮಾಡಿದ್ದು ಪ್ರೀತಿಯಿಂದ. ವಿಲಿಸ್ಟನ್‌ನ ಟ್ರೈಲರ್‌ನಲ್ಲಿ ಒಲೆ ಹಚ್ಚಿಟ್ಟು ಮಲಗುವ ತಂದೆ ಮಾಡುವುದೂ ಪ್ರೀತಿಯಿಂದಲೇ. ಆದರೆ ತಿಳುವಳಿಕೆಯಿಲ್ಲದ ಪ್ರೀತಿ ಮಕ್ಕಳನ್ನು ಕಾಯಲಾರದು.

ಆದುದರಿಂದ ಸಹೋದರಿಯರೇ, ದಯವಿಟ್ಟು ಈ ಕೆಲವು ಮಾತುಗಳನ್ನು ನೆನಪಿಡಿ. ಬಾಣಂತಿಯ ಕೋಣೆಯಲ್ಲಿ ಕೆಂಡವಿಟ್ಟು ಬಾಗಿಲು ಮುಚ್ಚಬೇಡಿ. ಮಗುವಿಗೆ ಟೋಪಿ, ಕಾಲುಚೀಲ, ಹೊದಿಕೆ, ತಾಯಿಯ ಮೈಬಿಸಿ ಸಾಕು. ಗ್ಯಾಸ್ ಗೀಸರನ್ನು ಬಚ್ಚಲುಮನೆಯೊಳಗೆ ಇಡಿಸಬೇಡಿ, ಗಾಳಿಯಾಡುವ ಹೊರಜಾಗದಲ್ಲಿ ಇಡಿಸಿ. ಈಗಾಗಲೇ ಒಳಗಿದ್ದರೆ ಕಿಟಕಿ ತೆರೆದು ಬಿಸಿನೀರನ್ನು ಬಕೆಟ್‌ಗೆ ತುಂಬಿಸಿ, ಗೀಸರ್ ಆರಿಸಿದ ಮೇಲೆಯೇ ಸ್ನಾನಕ್ಕೆ ಹೋಗಿ. ಚಳಿಗಾಲದಲ್ಲಿ ಬಚ್ಚಲುಮನೆಯ ಈ ಸಾವುಗಳ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಕರೆಂಟ್ ಹೋದಾಗ ಜನರೇಟರನ್ನು ಮನೆಯೊಳಗೆ, ಕಿಟಕಿಯ ಬಳಿ ಚಾಲೂ ಮಾಡಬೇಡಿ. ಮನೆಯ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಅದು ಜ್ವರವಲ್ಲ. ತಕ್ಷಣ ಎಲ್ಲರನ್ನೂ ಹೊರಗೆ ಕರೆತನ್ನಿ, ಆಮೇಲೆ ವೈದ್ಯರಲ್ಲಿಗೆ ಹೋಗಿ. ಇನ್ನು ನಿಮ್ಮ ಮಕ್ಕಳು ಕೆನಡಾದಲ್ಲೋ ಅಮೆರಿಕದಲ್ಲೋ ಓದುತ್ತಿದ್ದರೆ, ಕೆಲಸದಲ್ಲಿದ್ದರೆ, ಮುಂದಿನ ಸಲ ಫೋನ್ ಮಾಡಿದಾಗ "ಊಟವಾಯಿತೇ?" ಎಂದು ಕೇಳಿದ ಮೇಲೆ, "ನಿನ್ನ ಕೋಣೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ಅಲಾರಂ ಇದೆಯೇ?" ಎಂದೂ ಕೇಳಿ.

ಮರುದಿನ ತರಗತಿಯಲ್ಲಿ ಆ ಹುಡುಗಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ಅವರು ಸಾಯುವುದಿಲ್ಲ ಮಗಳೇ. ಚಳಿ ಬರುವ ಮೊದಲೇ ತಯಾರಿ ಮಾಡಿಕೊಂಡಿರುತ್ತಾರೆ. ಎಲ್ಲ ಸಂದುಗಳನ್ನೂ ಮುಚ್ಚುತ್ತಾರೆ, ಆದರೆ ಉಸಿರಿಗೆಂದು ಒಂದು ಕಿಂಡಿಯನ್ನು ತೆರೆದೇ ಇಡುತ್ತಾರೆ."

ಅವಳು ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ನಮ್ಮ ಬಚ್ಚಲುಮನೆಗೆ ಕಿಟಕಿಯೇ ಇಲ್ಲ ಟೀಚರ್. ಗೀಸರ್ ಒಳಗೇ ಇದೆ."

ಅಂದು ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅವಳ ಮನೆಗೆ ಹೋದೆ. ನೀವೂ ಇಂದು ನಿಮ್ಮ ಬಚ್ಚಲುಮನೆಯನ್ನು ಒಮ್ಮೆ ನೋಡಿ ಬನ್ನಿ.